ಗಟ್ಟಿಮುಟ್ಟಾದ ದೇಹವೂ ಕ್ಯಾನ್ಸರನ್ನು ಏಕೆ ಸಹಿಸಿಕೊಳ್ಳುತ್ತದೆ?

ನಿಮ್ಮ ತಂದೆಯವರು ಅರವತ್ತು ವರ್ಷದವರೆಗೆ ಒಂದು ಜ್ವರಕ್ಕೂ ಹಾಸಿಗೆ ಹಿಡಿದವರಲ್ಲ, ಅಂಥವರಿಗೆ ಬಾಯಿಯ ಕ್ಯಾನ್ಸರ್ ಬಂದಿದೆ, ಅವರ ರೋಗನಿರೋಧಕ ಶಕ್ತಿ ಕುಸಿದಿತ್ತೇ, ಅದನ್ನು ಹೆಚ್ಚಿಸಲು ಏನು ಕೊಡಬೇಕು ಎಂದು ಬಾಗಲಕೋಟೆಯಿಂದ ಕೇಳಿದ್ದೀರಿ.

ಕುಸಿದಿರಬೇಕೆಂದೇನೂ ಇಲ್ಲ. ನಾನು ವೈದ್ಯನಲ್ಲ, ಬೆಳಗಾವಿಯ ಒಂದು ಪ್ಯಾಥಾಲಜಿ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಬಯಾಪ್ಸಿ ಸ್ಲೈಡ್ ಸಿದ್ಧಪಡಿಸುವ ತಂತ್ರಜ್ಞ. ತಂಬಾಕಿಗೆ ಹೆಸರಾದ ನಿಪ್ಪಾಣಿ ಇರುವ ಜಿಲ್ಲೆ ಇದು. ಬಾಯಿಯ ತುಣುಕು ನಮ್ಮ ಮೇಜಿಗೆ ಬರದ ವಾರವಿಲ್ಲ.

ಆ ತುಣುಕನ್ನು ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಪಾಲಿನಷ್ಟು ತೆಳುವಾಗಿ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇವೆ. ಗುಲಾಬಿ ಬಣ್ಣದ ದ್ವೀಪಗಳಂತೆ ಕಾಣುವುವು ಕ್ಯಾನ್ಸರ್ ಕೋಶಗಳ ಗುಂಪುಗಳು. ಅವುಗಳ ಅಂಚಿನುದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಕಡುನೀಲಿ ಚುಕ್ಕೆಗಳು. ಆ ಚುಕ್ಕೆಗಳು ಲಿಂಫೋಸೈಟ್‌ಗಳು, ನೀವು ಕುಸಿದಿರಬಹುದೆಂದು ಭಾವಿಸಿರುವ ಅದೇ ಕಾವಲು ಪಡೆ. ಕೆಲವು ಗಡ್ಡೆಗಳಲ್ಲಿ ಅವು ಅಷ್ಟಾಗಿ ಕಾಣುವುದಿಲ್ಲ, ನಿಜ. ಬಾಯಿಯ ಕ್ಯಾನ್ಸರಿನಲ್ಲಿ ಮಾತ್ರ ಬಹಳಷ್ಟು ಸಲ ಕಂಡಿದ್ದೇನೆ. ಅಂದರೆ ಪಡೆ ಬಂದಿದೆ. ಬಂದು ಏಕೆ ಕೈಕಟ್ಟಿ ನಿಂತಿತು ಎಂಬುದೇ ಕೇಳಬೇಕಾದ ಪ್ರಶ್ನೆ.

ಮೊದಲ ಕಾರಣ, ಕ್ಯಾನ್ಸರ್ ಹೊರಗಿನಿಂದ ಬಂದದ್ದಲ್ಲ, ನಮ್ಮದೇ ಕೋಶ. ಲಿಂಫೋಸೈಟ್‌ಗಳಲ್ಲಿ ಟಿ ಕೋಶ ಎಂಬ ಬಗೆ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಪಳಗುತ್ತದೆ. ಸ್ವಂತ ದೇಹದ ಪ್ರೋಟೀನಿನ ಮೇಲೆ ಏರಿಹೋಗುವಂಥವು ಬಹುಪಾಲು ಅಲ್ಲಿಯೇ ಸಾಯುತ್ತವೆ. ಹಾಗೆ ಸಾಯದಿದ್ದರೆ ನಮ್ಮ ಕೀಲು, ಥೈರಾಯ್ಡ್, ಕರುಳುಗಳಿಗೆ ನಮ್ಮ ಪಡೆಯಿಂದಲೇ ಉಳಿಗಾಲವಿರುವುದಿಲ್ಲ. ಹೀಗೆ ಪಳಗಿ ಹೊರಬಂದ ಟಿ ಕೋಶಕ್ಕೆ ಕ್ಯಾನ್ಸರ್ ಕೋಶದಲ್ಲಿ ಹೊಸದಾಗಿ ಕಾಣುವುದು ಜೀನ್ ಕೆಟ್ಟು ಬದಲಾದ ಕೆಲವೇ ಪ್ರೋಟೀನ್ ಚೂರುಗಳು.

ಅಷ್ಟು ಸುಳಿವಿನಲ್ಲೂ ಅದು ಕೊಲ್ಲುತ್ತದೆ. ಮೂತ್ರಪಿಂಡ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರಲ್ಲಿ ಹಲವು ಬಗೆಯ ಕ್ಯಾನ್ಸರ್ ಹೆಚ್ಚಾಗಿ ಬರುವುದು ಇದಕ್ಕೆ ಸಾಕ್ಷಿ. ಆದರೆ ಈ ಕೊಲ್ಲುವಿಕೆಯೇ ಇನ್ನೊಂದು ತೊಡಕು ತರುತ್ತದೆ. ನನ್ನೂರು ಬಸವನ ಬಾಗೇವಾಡಿ ಕಡೆ, ಜೋಳದ ಸೀಮೆ. ಎಡೆಕುಂಟೆ ಹೊಡೆದಾಗ ಸಾಲುಗಳ ನಡುವಿನ ಕಸ ಕಿತ್ತು ಬರುತ್ತದೆ. ಪೈರಿನ ಬುಡಕ್ಕೆ ಅಂಟಿಕೊಂಡು ಸಾಲಿನಲ್ಲೇ ಬೆಳೆದ ಕಸ ಉಳಿದು ಬೀಜ ಕಟ್ಟುತ್ತದೆ. ಗಡ್ಡೆಯಲ್ಲಿ ನಡೆಯುವುದೂ ಅದೇ. ಎದ್ದು ಕಾಣುವ ಕೋಶಗಳು ಸಾಯುತ್ತವೆ, ತಮ್ಮ ಪ್ರೋಟೀನ್ ಚೂರುಗಳನ್ನು ಮೈಮೇಲೆ ತೋರಿಸುವುದನ್ನೇ ನಿಲ್ಲಿಸಿದವು ಉಳಿದು ಹೆಚ್ಚುತ್ತವೆ. ಇದು ವರ್ಷಗಟ್ಟಲೆ ನಡೆದಿರಬಹುದು. ನಿಮ್ಮ ತಂದೆಯವರ ಬಾಯಲ್ಲಿ ಹುಣ್ಣು ಕಾಣಿಸಿಕೊಂಡ ದಿನ ಅದರ ಮೊದಲ ದಿನವಲ್ಲ.

ಇನ್ನು ನನ್ನನ್ನು ಬಹಳ ಕಾಡಿದ ಸಂಗತಿ. ಟಿ ಕೋಶದ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಇದೆ. ಜಪಾನಿನ ತಾಸುಕು ಹೊಂಜೊ ಅವರ ತಂಡ 1992ರಲ್ಲಿ ಇದನ್ನು ಗುರುತಿಸಿತು. ಹೋರಾಟ ಅತಿಯಾಗಿ ಸ್ವಂತ ಅಂಗಗಳು ಸುಟ್ಟುಹೋಗದಿರಲಿ ಎಂದು ದೇಹವೇ ಇಟ್ಟುಕೊಂಡ ಬ್ರೇಕ್ ಅದು. ಪಿಡಿ-ಎಲ್1 ಎಂಬ ಪ್ರೋಟೀನ್ ಬಂದು ತಾಗಿದರೆ ಟಿ ಕೋಶ ತಣ್ಣಗಾಗುತ್ತದೆ. ದಾಳಿ ಮಾಡುವಾಗ ಟಿ ಕೋಶ ಇಂಟರ್‌ಫೆರಾನ್ ಗಾಮಾ ಎಂಬ ರಸವನ್ನು ಬಿಡುತ್ತದೆ. ಆ ರಸ ತಾಗಿದ ಕ್ಯಾನ್ಸರ್ ಕೋಶ ಪಿಡಿ-ಎಲ್1 ಅನ್ನು ಇನ್ನಷ್ಟು ಹೊರಚಾಚುತ್ತದೆ. ಜೋರಾಗಿ ಹೊಡೆದಷ್ಟೂ ಬ್ರೇಕ್ ಬಿಗಿಯುತ್ತದೆ! ಹೀಗೆ ತಿಂಗಳುಗಟ್ಟಲೆ ನಡೆದರೆ ಟಿ ಕೋಶ ಬಳಲಿ ನಿಸ್ತೇಜವಾಗುತ್ತದೆ. ಜೊತೆಗೆ, ಉಳಿದವನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳೂ ಗಡ್ಡೆಯಲ್ಲಿ ಗುಂಪುಗೂಡುತ್ತವೆ. ಅವನ್ನು 1995ರಲ್ಲಿ ತೋರಿಸಿಕೊಟ್ಟ ಶಿಮೊನ್ ಸಕಾಗುಚಿ ಅವರಿಗೆ 2025ರಲ್ಲಿ ಮತ್ತಿಬ್ಬರೊಡನೆ ನೊಬೆಲ್ ಬಂತು. ಹೊಂಜೊ ಅವರಿಗೆ ಜೇಮ್ಸ್ ಆಲಿಸನ್ ಜೊತೆ 2018ರಲ್ಲೇ ಬಂದಿತ್ತು.

ಆದ್ದರಿಂದ ಶಕ್ತಿ ಹೆಚ್ಚಿಸುತ್ತದೆಂದು ಮಾರುವ ಪುಡಿ, ಕಷಾಯಗಳಿಗೆ ದಯವಿಟ್ಟು ಹಣ ಸುರಿಯಬೇಡಿ. ಕೊರತೆ ಇರುವುದು ಶಕ್ತಿಯದಲ್ಲ. ಅದಕ್ಕಿಂತ ಮುಖ್ಯವಾಗಿ, ಅವನ್ನು ನಂಬಿ ಶಸ್ತ್ರಚಿಕಿತ್ಸೆ ಎರಡು ತಿಂಗಳು ಮುಂದೂಡಬೇಡಿ.

ಬ್ರೇಕನ್ನು ಸಡಿಲಿಸುವ ಔಷಧಿಗಳು ನಿಜವಾಗಿಯೂ ಇವೆ; ನಿವೊಲುಮ್ಯಾಬ್ ಅವುಗಳಲ್ಲೊಂದು. ಬೆಲೆ ನಮ್ಮಂಥವರ ಕೈಗೆ ಎಟುಕದ್ದು. ಮುಂಬೈಯ ಟಾಟಾ ಮೆಮೋರಿಯಲ್ ವೈದ್ಯರು ತಲೆ ಮತ್ತು ಕುತ್ತಿಗೆ ಭಾಗದ ಮುಂದುವರಿದ ಕ್ಯಾನ್ಸರಿನವರಿಗೆ, ಮಾತ್ರೆಗಳ ಚಿಕಿತ್ಸೆಯ ಜೊತೆ, ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಇದು ವಾಡಿಕೆಯ ಪ್ರಮಾಣದ ಹತ್ತನೆಯ ಒಂದಕ್ಕಿಂತ ಕಡಿಮೆ. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇ 16ರಿಂದ ಶೇ 43ಕ್ಕೆ ಏರಿತ್ತು. ಎಲ್ಲರಿಗೂ ಒಗ್ಗುವ ಮದ್ದಲ್ಲ ಇದು. ಬ್ರೇಕ್ ಸಡಿಲಾದಾಗ ಕರುಳು, ಶ್ವಾಸಕೋಶ, ಥೈರಾಯ್ಡ್‌ಗಳ ಮೇಲೂ ದಾಳಿ ನಡೆಯುವುದುಂಟು. ಕಾಯಿಲೆ ಆರಂಭದ ಹಂತದಲ್ಲಿದ್ದರೆ ಬಾಯಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೇ ಮೊದಲ ದಾರಿ.

ಬಯಾಪ್ಸಿ ಮಾಡಿದ ಪ್ರಯೋಗಾಲಯದಲ್ಲಿ ನಿಮ್ಮ ತಂದೆಯವರ ತುಣುಕು ಮೇಣದ ಬ್ಲಾಕ್ ರೂಪದಲ್ಲಿ ಇರುತ್ತದೆ. ಬೇರೆ ಊರಿನ ಆಸ್ಪತ್ರೆಗೆ ಹೋಗುವುದಾದರೆ ಆ ಬ್ಲಾಕನ್ನೂ ಸ್ಲೈಡ್‌ಗಳನ್ನೂ ಅರ್ಜಿ ಬರೆದು ಪಡೆದುಕೊಳ್ಳಿ. ಪಿಡಿ-ಎಲ್1 ಪರೀಕ್ಷೆ ಬೇಕೇ ಎಂದು ಕ್ಯಾನ್ಸರ್ ತಜ್ಞರನ್ನು ಕೇಳಿ. ಬೇಕೆಂದರೆ ಸಾಮಾನ್ಯವಾಗಿ ಅದೇ ಬ್ಲಾಕಿನಿಂದ ಮಾಡಬಹುದು, ಅವರ ಬಾಯಿಗೆ ಇನ್ನೊಮ್ಮೆ ಕತ್ತರಿ ತಾಗಿಸಬೇಕಾಗುವುದಿಲ್ಲ. ಬ್ಲಾಕನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮಾತ್ರ ಇಡಬೇಡಿ, ಮೇಣ ಕರಗಬಹುದು.