ಎಸ್ ಅಂದರೆ ಶನಿವಾರ ಅಲ್ಲ

ಜರ್ಮನಿಗೆ ಓದೋಕೆ ಬಂದು ಎರಡು ತಿಂಗಳಾಯ್ತು, ಒಂದೇ ವೀಕೆಂಡಿನಲ್ಲಿ ಬ್ಲ್ಯಾಕ್ ಫಾರೆಸ್ಟಿನ ಐದು ಹಳ್ಳಿ ನೋಡಬೇಕು, ಕಾರು ಬಾಡಿಗೆಗೆ ತಗೊಳ್ಳಲಾ, ರೈಲಲ್ಲಿ ಹೋಗಲಾ ಅಂತ ಕೇಳಿದ್ದೀರಿ. ಕಾರು, ರೈಲು ಆಮೇಲೆ. ‘ಐದು’ ಅನ್ನೋದು ಓದಿದ ಕೂಡಲೇ ನನ್ನ ಮಂಡಿ ನೋಯೋಕೆ ಶುರುವಾಯ್ತು.

ನಾನೂ ಐದೇ ಬರೆದುಕೊಂಡಿದ್ದೆ. 2018ರ ಅಕ್ಟೋಬರ್ ಕೊನೆಯ ಶನಿವಾರ. ಕಾರ್ಲ್ಸ್‌ರೂಹದಲ್ಲಿ ಮೊದಲ ಸೆಮಿಸ್ಟರ್ ಆಗಷ್ಟೇ ಶುರುವಾಗಿತ್ತು. ಜೊತೆಗೆ ರೂಮ್‌ಮೇಟ್, ದಾವಣಗೆರೆಯವನು. ಪಟ್ಟಿ ಹೀಗಿತ್ತು: ಟ್ರೀಬೆರ್ಗ್ ಜಲಪಾತ, ದೊಡ್ಡ ಕುಕೂ ಗಡಿಯಾರ, ಬ್ಲಿಂಡನ್‌ಜೇ ಕೆರೆ, ಡ್ಯಾನ್ಯೂಬ್ ನದಿ ಹುಟ್ಟುವ ಜಾಗ, ಫುರ್ಟ್‌ವಾಂಗೆನ್ನಿನ ಗಡಿಯಾರ ಮ್ಯೂಸಿಯಂ. ಎಲ್ಲಾ ಒಂದೇ ದಿನ. ರಾತ್ರಿ ಉಳಿಯೋ ಮಾತೇ ಇಲ್ಲ. ಖರ್ಚಿಗೆ ಅಂತ ಮೊದಲೇ ದುಡ್ಡು ಕಟ್ಟಿಟ್ಟಿದ್ದ ಬ್ಲಾಕ್ಡ್ ಅಕೌಂಟಿನಿಂದ ಆಗ ತಿಂಗಳಿಗೆ 720 ಯೂರೋ ಬರುತ್ತಿತ್ತು. 27ನೇ ತಾರೀಖಿನ ಹೊತ್ತಿಗೆ ಅದರಲ್ಲಿ ಎಷ್ಟು ಉಳಿದಿರುತ್ತೆ ಅಂತ ನಿಮಗೂ ಗೊತ್ತಲ್ವಾ?

ಡ್ಯಾನ್ಯೂಬ್ ಹುಚ್ಚು ನನ್ನದು. ನಮ್ಮೂರು ಕುಶಾಲನಗರದ ಹತ್ತಿರ. ಅದಕ್ಕೆ ಹತ್ತು ದಿನ ಮುಂಚೆ ತಲಕಾವೇರಿಯಲ್ಲಿ ತೀರ್ಥೋದ್ಭವ ಆಗಿತ್ತು. ‘ಈ ಸಲ ನೀನಿಲ್ಲ’ ಅಂತ ಅಮ್ಮ ಫೋನಿನಲ್ಲಿ ಮೂಗು ಒರೆಸಿಕೊಂಡಿದ್ದರು. ಇಲ್ಲೂ ಒಂದು ನದಿ ಹುಟ್ಟೋದನ್ನು ನೋಡಿ ಫೋಟೋ ಕಳಿಸೋಣ ಅಂತ ನನ್ನ ಲೆಕ್ಕ.

ಬೆಳಗ್ಗೆ ಬಾಡನ್-ವುರ್ಟೆಂಬರ್ಗ್ ಟಿಕೆಟ್, ಅಂದರೆ ಆ ರಾಜ್ಯದ ಲೋಕಲ್ ರೈಲು, ಬಸ್ಸಿಗೆ ನಡೆಯುವ ಒಂದು ದಿನದ ಟಿಕೆಟ್ ತಗೊಂಡೆವು. ಇಬ್ಬರಿಗೂ ಸೇರಿ ಮೂವತ್ತು ಯೂರೋ ಆಸುಪಾಸು, ಮಾರನೇ ದಿನ ಬೆಳಗಿನ ಜಾವ ಮೂರರವರೆಗೆ ನಡೆಯುತ್ತೆ. ಈ ಮೂರು ಗಂಟೆ ನೆನಪಿಟ್ಟುಕೊಳ್ಳಿ. ರೈಲು ಸುರಂಗದಿಂದ ಸುರಂಗಕ್ಕೆ ನುಗ್ಗಿ ಮೇಲೆ ಹತ್ತುತ್ತೆ, ಆ ದಾರಿಯೊಂದೇ ಕೊಟ್ಟ ದುಡ್ಡಿಗೆ ಸಾಕು. ಟ್ರೀಬೆರ್ಗ್ ಜಲಪಾತ 163 ಮೀಟರ್ ಅಂತಾರೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತೆ. ಒಳಗೆ ಹೋಗೋಕೆ ಟಿಕೆಟ್ ಬೇರೆ. ಜೋಗ ನೋಡಿದವರು ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಪ್ರಪಂಚದ ಅತಿ ದೊಡ್ಡ ಕುಕೂ ಗಡಿಯಾರ ತಮ್ಮದೇ ಅಂತ ಟ್ರೀಬೆರ್ಗಿನವರೂ ಹೇಳ್ತಾರೆ, ಪಕ್ಕದ ಶೋನಾಖಿನವರೂ ಹೇಳ್ತಾರೆ. ನಾವು ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟೆವು.

ಶೋನಾಖಿನಿಂದ ನಡಿಗೆ. ಬಿಳಿ ಹಲಗೆಯ ಮೇಲೆ ಕೆಂಪು ವಜ್ರಾಕಾರದ ಗುರುತು ಇರುತ್ತೆ. ಅದು ಫೋರ್ಟ್ಸ್‌ಹೈಮಿನಿಂದ ಬಾಸೆಲ್‌ವರೆಗೆ ಹೋಗುವ ವೆಸ್ಟ್‌ವೇಗ್ ಅನ್ನೋ ಹಳೇ ಕಾಲುದಾರಿ. ಗುರುತು ಹಿಡಿದು ಹೋದರೆ ದಾರಿ ತಪ್ಪೋ ಪ್ರಶ್ನೆಯೇ ಇಲ್ಲ. ಕೆರೆ ದಾಟಿ ಮಾರ್ಟಿನ್ಸ್‌ಕಪೆಲ್ಲೆ ಅನ್ನೋ ಪುಟ್ಟ ಚರ್ಚ್ ಮುಟ್ಟಿದಾಗ ನಾಲ್ಕು ಗಂಟೆ ದಾಟಿತ್ತು. ಅಲ್ಲೇ ಕಲ್ಲುಗಳ ನಡುವೆ ಡ್ಯಾನ್ಯೂಬಿನ ಮೂಲ ಹೊಳೆ ಬ್ರೆಗ್ ಹುಟ್ಟುತ್ತೆ. ಅಂಗೈ ಅಗಲದ ನೀರು. ಕಪ್ಪು ಸಮುದ್ರಕ್ಕೆ 2888 ಕಿಲೋಮೀಟರ್ ಅಂತ ಫಲಕ. ಡೊನಾವ್‌ಎಶಿಂಗೆನ್ನಿನವರು ಇದನ್ನು ಒಪ್ಪಲ್ಲ. ನಿಜವಾದ ಡ್ಯಾನ್ಯೂಬ್ ತಮ್ಮ ಅರಮನೆ ತೋಟದ ಕೊಳದಲ್ಲಿ ಹುಟ್ಟುತ್ತೆ ಅಂತ ಅವರ ವಾದ. ಇದಕ್ಕಿಂತ ಮಜಾ ಏನಪ್ಪಾ ಅಂದ್ರೆ, ಸ್ವಲ್ಪವೇ ದೂರದಲ್ಲಿ ಹುಟ್ಟುವ ಎಲ್ಟ್ಸ್ ಹೊಳೆ ರೈನ್ ನದಿ ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತೆ. ಒಂದೇ ಗುಡ್ಡದ ನೀರಿಗೆ ಎರಡು ಸಮುದ್ರ! ನಾನು ಬಾಟಲಿಗೆ ನೀರು ತುಂಬಿಕೊಂಡೆ. ಪುಳಿಯೋಗರೆ ಡಬ್ಬಿ ಬಿಚ್ಚಿ ಅಲ್ಲೇ ಕೂತು ತಿಂದೆವು. ಮ್ಯೂಸಿಯಂ ಕೈಬಿಟ್ಟಾಗಿತ್ತು. ಕೆಳಗಿನ ರಸ್ತೆಗೆ ಇಳಿದು 17:52ರ ಬಸ್ಸು ಹಿಡಿದರೆ ಟ್ರೀಬೆರ್ಗ್, ಅಲ್ಲಿಂದ ರೈಲು.

ಈಗ ಆ 17:52ರ ಕಥೆ. ಸ್ವಲ್ಪ ಕೊರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಹಿಂದಿನ ರಾತ್ರಿ ಬಸ್ಸಿನ ವೇಳಾಪಟ್ಟಿ ಇಳಿಸಿಕೊಂಡು, ನಮ್ಮ ಸ್ಟಾಪ್ ಇರೋ ಭಾಗ ಮಾತ್ರ ದೊಡ್ಡದು ಮಾಡಿ ಸ್ಕ್ರೀನ್‌ಶಾಟ್ ಹೊಡೆದಿದ್ದೆ. 17:52ರ ಸಾಲಿನ ನೆತ್ತಿಯ ಮೇಲೆ ಚಿಕ್ಕದಾಗಿ ಇಂಗ್ಲಿಷಿನ ಎಸ್ ಅಕ್ಷರ. ಜರ್ಮನ್ ಕ್ಲಾಸಿನಲ್ಲಿ ವಾರಗಳ ಹೆಸರು ಬಾಯಿಪಾಠ ಮಾಡಿದ್ದೆನಲ್ಲ, ಶನಿವಾರಕ್ಕೆ ಸಾಮ್ಸ್‌ಟಾಗ್. ಎಸ್ ಅಂದರೆ ಸಾಮ್ಸ್‌ಟಾಗ್. ‘ನೋಡು, ಶನಿವಾರಕ್ಕೇ ಅಂತ ಸ್ಪೆಷಲ್ ಬಸ್ಸು ಬಿಟ್ಟಿದ್ದಾರೆ’ ಅಂತ ರೂಮ್‌ಮೇಟಿಗೆ ತೋರಿಸಿದೆ. ಅವನು ನೋಡಿ, ‘ಲೇ, ಭಾನುವಾರಾನೂ ಎಸ್ಸೇ ಅಲ್ಲೇನೋ? ಸೋನ್‌ಟಾಗ್?’ ಅಂದ. ಅಲ್ಲಿಗೆ ನಾನು ನಿಲ್ಲಬೇಕಿತ್ತು. ‘ಭಾನುವಾರ ಹಳ್ಳಿಗೆ ಬಸ್ಸೇ ಇರಲ್ಲ ಕಣೋ, ಅದಕ್ಕೇ ಒಂದೇ ಅಕ್ಷರ ಸಾಕು’ ಅಂದೆ. ಎಂಥಾ ತರ್ಕ ನೋಡಿ. ಅವನೂ ತಲೆಯಾಡಿಸಿದ.

ಆ ಎಸ್ ಶೂಲ್‌ಟಾಗ್. ಅಂದರೆ ಶಾಲೆ ಇರುವ ದಿನ ಮಾತ್ರ. ಹಳ್ಳಿ ಬಸ್ಸುಗಳು ಅಲ್ಲಿ ಬಹುಪಾಲು ಶಾಲೆ ಮಕ್ಕಳನ್ನು ನಂಬಿಕೊಂಡೇ ಓಡೋದು. ಇದು ಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಪುಟದ ತಲೆಯಲ್ಲಿ ‘ಸೋಮವಾರದಿಂದ ಶುಕ್ರವಾರ’ ಅಂತ ದಪ್ಪ ಅಕ್ಷರದಲ್ಲೇ ಇತ್ತು. ನನ್ನ ಸ್ಕ್ರೀನ್‌ಶಾಟಿನಲ್ಲಿ ತಲೆಯೂ ಇಲ್ಲ, ಬುಡವೂ ಇಲ್ಲ. ಶನಿವಾರದ ಪಟ್ಟಿ ಬೇರೆ ಪುಟದಲ್ಲಿತ್ತು, ಅದನ್ನು ನಾನು ತೆರೆದೇ ಇರಲಿಲ್ಲ. ಇನ್ನೂ ಒಂದು ಹೇಳ್ತೀನಿ, ನಗಬೇಡಿ. ಎಸ್ ಅಂದರೆ ಶಾಲೆ ದಿನ ಅಂತ ಗೊತ್ತಿದ್ದರೂ ನಾನು ಅಲ್ಲೇ ನಿಂತಿರುತ್ತಿದ್ದೆ. ಶನಿವಾರ ಬೆಳಗ್ಗೆ ನಮ್ಮಲ್ಲಿ ಶಾಲೆ ಇರುತ್ತಲ್ಲ!

ಆರೂಮುಕ್ಕಾಲರವರೆಗೆ ನಿಂತೆವು. ಕತ್ತಲಾಯ್ತು, ಮಂಜು ಇಳಿಯಿತು. ಅವನ ಫೋನು ಫೋಟೋ ತೆಗೆದೂ ತೆಗೆದೂ ಸತ್ತಿತ್ತು. ನನ್ನದರಲ್ಲಿ ಚಾರ್ಜ್ ಇತ್ತು, ಸಿಗ್ನಲ್ ಇರಲಿಲ್ಲ. ನಡೆಯೋಕೆ ಶುರು ಮಾಡಿದೆವು. ಹತ್ತು ಹನ್ನೆರಡು ಕಿಲೋಮೀಟರ್ ಇರಬೇಕು, ಅದರಲ್ಲಿ ಒಂದು ತಿರುವು ತಪ್ಪಿ ವಾಪಸ್ ಬಂದದ್ದು ಬೇರೆ. ಕಾರು ಬಂದಾಗಲೆಲ್ಲ ಚರಂಡಿ ಪಕ್ಕದ ಹುಲ್ಲಿಗೆ ಹಾರೋದು, ಕೈ ಮಾಡೋದು. ಕತ್ತಲಲ್ಲಿ ಕಪ್ಪು ಜಾಕೆಟ್ ಹಾಕಿದ ಇಬ್ಬರಿಗೆ ಯಾರು ನಿಲ್ಲಿಸ್ತಾರೆ? ಟ್ರೀಬೆರ್ಗ್ ಪೇಟೆ ಬಂತು ಅಂತ ಖುಷಿಪಟ್ಟರೆ ಸ್ಟೇಷನ್ ಇನ್ನೂ ಕೆಳಗೆ, ಕಣಿವೆಯಲ್ಲಿ. ಮುಟ್ಟಿದಾಗ ಹನ್ನೊಂದು. ಕಾರ್ಲ್ಸ್‌ರೂಹದ ಕೊನೆಯ ರೈಲು ಹೋಗಿಯಾಗಿತ್ತು. ದಾರಿಯಲ್ಲಿ ಒಂದು ಲಾಡ್ಜಿನಲ್ಲಿ ಕೇಳಿದ್ದೆವು, ತೊಂಬತ್ತು ಯೂರೋ ಅಂದರು. ಇಬ್ಬರ ಅಕೌಂಟೂ ಸೇರಿಸಿದರೆ ಎಪ್ಪತ್ತು ಚಿಲ್ಲರೆ.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತೆವು. ಹೇಗೋ ಬೆಳಗಾಗುತ್ತೆ ಅಂದುಕೊಂಡರೆ ಆ ರಾತ್ರಿಯೇ ಗಡಿಯಾರ ಹಿಂದಕ್ಕೆ ತಿರುಗಿಸೋ ರಾತ್ರಿ. ಜರ್ಮನಿಯಲ್ಲಿ ಅಕ್ಟೋಬರಿನ ಕೊನೇ ಭಾನುವಾರ ಮೂರು ಗಂಟೆ ಆದ ಕೂಡಲೇ ಮತ್ತೆ ಎರಡು ಗಂಟೆ ಮಾಡ್ತಾರೆ. ಫೋನು 2:59 ತೋರಿಸಿತು. ಕಣ್ಣು ಮಿಟುಕಿಸಿದೆ, 2:00. ಅವನು ಅದನ್ನು ನೋಡಿ ಏನೂ ಮಾತಾಡಲಿಲ್ಲ. ಬೈದಿದ್ದರೆ ವಾಸಿ ಇತ್ತು. ಸ್ವಲ್ಪ ಹೊತ್ತಾದ ಮೇಲೆ, ‘ಟಿಕೆಟ್ ಇನ್ನೂ ಒಂದು ಗಂಟೆ ನಡೀತದೆ ಬಿಡು’ ಅಂದ. ಬೆಳಗ್ಗೆ ಮೊದಲ ರೈಲಿಗೆ ಹೊಸ ಟಿಕೆಟ್, ಮತ್ತೆ ಮೂವತ್ತು. ಭಾನುವಾರ, ಅಂಗಡಿ ಎಲ್ಲಾ ಬಂದ್, ಮನೆಯಲ್ಲಿ ಅಕ್ಕಿ ಬಿಟ್ಟರೆ ಏನೂ ಇಲ್ಲ. ಅವನಿಗೆ ನಾಲ್ಕು ದಿನ ಜ್ವರ. ಚಳಿಗಾಲ ಮುಗಿಯೋವರೆಗೂ ನನ್ನ ಜೊತೆ ಎಲ್ಲಿಗೂ ಬರಲಿಲ್ಲ.

ಹಾಗಾಗಿ ಕಾರಾ ರೈಲಾ ಅನ್ನೋ ಪ್ರಶ್ನೆಗೆ ನನ್ನ ಉತ್ತರ: ಐದು ಹಳ್ಳಿ ಬಿಡಿ, ಒಂದು ಹಿಡಿಯಿರಿ. ಕಾರು ಬೇಡವೇ ಬೇಡ. ನಮ್ಮ ಲೈಸೆನ್ಸ್ ಅಲ್ಲಿ ವಾಸಕ್ಕೆ ಬಂದ ಆರು ತಿಂಗಳು ಮಾತ್ರ ನಡೆಯುತ್ತೆ, ಅದು ಸರಿ, ನಿಮಗಿನ್ನೂ ಟೈಮ್ ಇದೆ. ಆದರೆ ಎಡಕ್ಕೆ ಓಡಿಸಿ ರೂಢಿ ಇರುವವರು ಮೊದಲ ಸಲ ಬಲಕ್ಕೆ ಓಡಿಸೋಕೆ ಮಂಜು ಕವಿದ ಘಾಟ್ ರಸ್ತೆಯೇ ಬೇಕಾ? ಡಾಯ್ಚ್‌ಲಾಂಡ್ ಟಿಕೆಟ್ ಅನ್ನೋ ದೇಶಪೂರ್ತಿ ನಡೆಯುವ ತಿಂಗಳ ಪಾಸು 2023ರಲ್ಲಿ ಬಂದಿದೆ, ನಮ್ಮ ಕಾಲದಲ್ಲಿ ಇರಲಿಲ್ಲ. ನಿಮ್ಮ ಹತ್ತಿರ ಇದ್ದರೆ ಲೋಕಲ್ ರೈಲು, ಬಸ್ಸಿಗೆ ಬೇರೆ ಖರ್ಚಿಲ್ಲ. ಇಲ್ಲದಿದ್ದರೂ ಚಿಂತೆ ಇಲ್ಲ. ಬ್ಲ್ಯಾಕ್ ಫಾರೆಸ್ಟಿನ ನೂರಕ್ಕೂ ಹೆಚ್ಚು ಊರುಗಳಲ್ಲಿ ಒಂದು ರಾತ್ರಿ ಉಳಿದರೆ ಕೋನುಸ್ ಅನ್ನೋ ಅತಿಥಿ ಕಾರ್ಡ್ ಕೊಡ್ತಾರೆ, ಉಳಿದಷ್ಟು ದಿನ ಸುತ್ತಲಿನ ಬಸ್ಸು, ರೈಲು ಪುಕ್ಕಟೆ. ರಾತ್ರಿ ಉಳಿಯಿರಿ, ದುಡ್ಡು ಉಳಿಸೋಕೆ ಹೋಗಿ ನಾವು ಕಳೆದುಕೊಂಡದ್ದೇ ಜಾಸ್ತಿ. ಬ್ರೆಡ್ಡು, ಹಾಲು, ಹಣ್ಣು ಶನಿವಾರವೇ ತಗೊಂಡುಬಿಡಿ.

ಬಸ್ಸಿನ ಟೈಮ್ ನೋಡುವಾಗ ಹೋಗುವ ದಿನದ ತಾರೀಖು ಹಾಕಿಯೇ ಹುಡುಕಿ. ಪಕ್ಕದಲ್ಲಿ ಫೋನಿನ ಚಿತ್ರ ಇದ್ದರೆ ಅದು ಕರೆದರೆ ಮಾತ್ರ ಬರುವ ಬಸ್ಸು, ಮೊದಲೇ ಫೋನ್ ಮಾಡಿ ಬುಕ್ ಮಾಡಬೇಕು. ಸುಮ್ನೆ ಸ್ಟಾಪಿನಲ್ಲಿ ನಿಂತರೆ ಬರಲ್ಲ. ಅಕ್ಷರ ಏನೇ ಇದ್ದರೂ ಪುಟದ ಬುಡಕ್ಕೆ ಹೋಗಿ ಅರ್ಥ ಓದಿ. ಗೊತ್ತಾಗದಿದ್ದರೆ ಪೂರ್ತಿ ಪುಟದ ಫೋಟೋ ಇಲ್ಲಿ ಹಾಕಿ, ನಾನೇ ಓದಿ ಹೇಳ್ತೀನಿ. ತಲೆ, ಬುಡ ಎರಡೂ ಕಾಣಬೇಕು, ಮತ್ತೆ.