ಟೆಕ್ಸಾಸ್‌ನಲ್ಲಿ ಐವಿಎಫ್ ಮಾಡಿಸಿ ಉಳಿದ ಭ್ರೂಣ ಬೇಡವೆಂದರೆ ಅದು ಗರ್ಭಪಾತವಾಗುತ್ತದೆಯೇ?

ಡಲ್ಲಾಸ್‌ನಲ್ಲಿದ್ದೀರಿ, ಕ್ಲಿನಿಕ್‌ನಲ್ಲಿ ಐದು ಭ್ರೂಣ ಫ್ರೀಜ್ ಆಗಿವೆ, ಎಲ್ಲವೂ ಬೇಕಾಗಲಿಕ್ಕಿಲ್ಲ. ಉಳಿದವನ್ನು ಬಿಟ್ಟರೆ ಕೇಸಾಗುತ್ತದೆಯೇ ಎಂದು ಕೇಳಿದ್ದೀರಿ. ಗರ್ಭಪಾತದ ಕೇಸಂತೂ ಆಗುವುದಿಲ್ಲ. ನೀವು ಹೆದರಬೇಕಾದ ಜಾಗ ಬೇರೆಯೇ ಇದೆ.

2022ರ ಆಗಸ್ಟ್ 25ರಿಂದ ಜಾರಿಯಲ್ಲಿರುವ ಟೆಕ್ಸಾಸ್‌ನ ಗರ್ಭಪಾತ ನಿಷೇಧ ಕಾನೂನು 'ಹುಟ್ಟದ ಮಗು'ವನ್ನು ಫಲೀಕರಣದ ಕ್ಷಣದಿಂದಲೇ ಲೆಕ್ಕ ಹಿಡಿಯುತ್ತದೆ. ಇಷ್ಟನ್ನೇ ಓದಿದವರಿಗೆ ಗಾಬರಿಯಾಗುವುದು ಸಹಜ. ಆದರೆ ಗರ್ಭಪಾತ ಎನಿಸಿಕೊಳ್ಳಲು ಆ ಹೆಂಗಸು ಗರ್ಭಿಣಿಯೆಂದು ಗೊತ್ತಿರಬೇಕು. ಗರ್ಭಿಣಿ ಎನ್ನಲು ಜೀವಂತ ಭ್ರೂಣ ಅವಳ ದೇಹದೊಳಗೇ ಇರಬೇಕು. ದ್ರವ ಸಾರಜನಕದ ಟ್ಯಾಂಕ್‌ನಲ್ಲಿರುವುದಕ್ಕೆ ಇದು ತಾಗುವುದಿಲ್ಲ. ಕೊಲೆಯ ಅಧ್ಯಾಯವೂ (ದಂಡಸಂಹಿತೆ 19.06) ಒಪ್ಪಿಗೆ ಪಡೆದು ಮಾಡುವ ಕಾನೂನುಬದ್ಧ ಸಂತಾನ ಚಿಕಿತ್ಸೆಯನ್ನು ಹೊರಗಿಟ್ಟಿದೆ.

ಫ್ರೀಜ್ ಮಾಡಿಟ್ಟ ಭ್ರೂಣವೂ ಮಗುವೇ ಎಂದ ಅಲಬಾಮಾ ರಾಜ್ಯದ ಸುದ್ದಿ ಕೇಳಿ ಹೆದರಿದವರು ಬಹಳ. ಅಲ್ಲಿನ ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದ್ದು ಗರ್ಭಪಾತದ ಕಾನೂನಿನ ಮೇಲಲ್ಲ, ಅಪ್ರಾಪ್ತರ ಸಾವಿಗೆ ಪರಿಹಾರ ಕೇಳುವ 1872ರ ಕಾನೂನಿನ ಮೇಲೆ. ಮಾರ್ಚ್ 6ಕ್ಕೇ ಕ್ಲಿನಿಕ್‌ಗಳಿಗೆ ರಕ್ಷಣೆ ಕೊಡುವ ಹೊಸ ಕಾನೂನು ಬಂತು.

ಭ್ರೂಣ ಗರ್ಭಕೋಶ ಸೇರಿ ಬೆಳೆಯತೊಡಗಿದ ಮೇಲೆ ಲೆಕ್ಕ ಬದಲಾಗುತ್ತದೆ. ಎರಡು-ಮೂರು ಹಾಕಿಸಿ, ಎಲ್ಲವೂ ನಿಂತು, ಆಮೇಲೆ ಒಂದನ್ನು ಕಡಿಮೆ ಮಾಡಿಸುತ್ತೇವೆ ಎಂದರೆ ಅದು ಟೆಕ್ಸಾಸ್‌ನಲ್ಲಿ ಗರ್ಭಪಾತವೇ. ತಾಯಿಯ ಜೀವಕ್ಕೆ ಕುತ್ತು ಅಥವಾ ದೇಹದ ಮುಖ್ಯ ಕಾರ್ಯವೊಂದಕ್ಕೆ ಗಂಭೀರ ಹಾನಿಯ ಭಯವಿದ್ದರೆ ಮಾತ್ರ ವಿನಾಯಿತಿ. ಮಗುವಿಗೆ ದೋಷವಿದೆ ಎನ್ನುವುದು ಕಾರಣವಾಗುವುದಿಲ್ಲ. ವೈದ್ಯರಿಗೆ ಜೈಲಿನ ಜೊತೆಗೆ ಕನಿಷ್ಠ 1 ಲಕ್ಷ ಡಾಲರ್ ದಂಡವೂ ಬೀಳಬಹುದು, ಹಾಗಾಗಿ ಯಾರೂ ಕೈ ಹಾಕುವುದಿಲ್ಲ. ನನ್ನ ಮಾತು ಕೇಳುವುದಾದರೆ ಒಂದು ಸಲಕ್ಕೆ ಒಂದೇ ಭ್ರೂಣ. ವಂಶವಾಹಿ ಪರೀಕ್ಷೆ ಬೇಕಿದ್ದರೆ ಹಾಕಿಸುವ ಮುಂಚೆಯೇ ಮುಗಿಸಿ. ಒಂದೇ ಭ್ರೂಣ ಒಡೆದು ಅವಳಿಯಾಗುವುದೂ ಉಂಟು, ಅಪರೂಪಕ್ಕೆ.

ಗರ್ಭಕೋಶದ ಬದಲು ಅಂಡನಾಳದಲ್ಲಿ ಕಟ್ಟಿದ ಗರ್ಭವನ್ನು ತೆಗೆಸುವುದು, ತಾನಾಗಿ ಸತ್ತ ಭ್ರೂಣವನ್ನು ತೆಗೆಸುವುದು ವ್ಯಾಖ್ಯೆಯಲ್ಲೇ ಗರ್ಭಪಾತವಲ್ಲ. ಆದರೂ ಹೃದಯಬಡಿತ ನಿಂತಿದ್ದು ಕಾಗದದಲ್ಲಿ ಕಾಣುವತನಕ ಆಸ್ಪತ್ರೆಗಳು ಹಿಂಜರಿಯುತ್ತವೆ. ಸ್ಕ್ಯಾನ್ ವರದಿ, ರಕ್ತದ ಎಚ್‌ಸಿಜಿ (ಗರ್ಭಧಾರಣೆಯ ಹಾರ್ಮೋನ್) ಅಂಕಿಗಳ ಪ್ರತಿ ನಿಮ್ಮ ಕೈಯಲ್ಲೇ ಇರಲಿ.

ಇನ್ನು ಆ ಐದು ಭ್ರೂಣಗಳ ಹಣೆಬರಹ ಬರೆದಿರುವುದು ಕ್ಲಿನಿಕ್‌ನ ಒಪ್ಪಿಗೆ ಪತ್ರದಲ್ಲಿ. ಟೆಕ್ಸಾಸ್‌ನದೇ ಡೆಂಟನ್ ಕೌಂಟಿಯ ವಿಚ್ಛೇದನ ಪ್ರಕರಣವೊಂದರಲ್ಲಿ ಹೆಂಡತಿ, 2022ರ ಗರ್ಭಪಾತ ನಿಷೇಧ ಕಾನೂನಿನ ಪ್ರಕಾರ ಇವು ಮಕ್ಕಳೇ ಎಂದು ವಾದಿಸಿದರು. ಮೇಲ್ಮನವಿ ಕೋರ್ಟ್ ಒಪ್ಪದೆ, ಪತ್ರದಲ್ಲಿದ್ದಂತೆ ಗಂಡನಿಗೇ ಸೇರಬೇಕೆಂಬ ಕೆಳ ಕೋರ್ಟ್‌ನ ತೀರ್ಪನ್ನು ಎತ್ತಿಹಿಡಿಯಿತು. ರಾಜ್ಯದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ಕೇಸು ಕೈಗೆತ್ತಿಕೊಳ್ಳಲಿಲ್ಲ. ವಿಚ್ಛೇದನ, ಒಬ್ಬರ ಸಾವು, ಬಾಕಿ ಉಳಿದ ಶೇಖರಣಾ ಶುಲ್ಕ: ಈ ಮೂರರ ಮುಂದೆ ಏನು ಬರೆದಿದೆ ಎಂದು ಓದದೆ ಸಹಿ ಹಾಕಬೇಡಿ.

ಬೆಂಗಳೂರಿಗೆ ಕಳಿಸಿಬಿಡೋಣ ಎನ್ನುವ ಯೋಚನೆಯಿದ್ದರೆ, ಭಾರತದಲ್ಲಿ ಸಂತಾನ ಚಿಕಿತ್ಸೆಯ ಕುರಿತ 2021ರ ಕಾನೂನಿನಡಿ ಸ್ವಂತ ಭ್ರೂಣವಾದರೂ ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು. ಇಟ್ಟುಕೊಳ್ಳಲು 10 ವರ್ಷದ ಮಿತಿಯೂ ಇದೆ.