ಒಂದೂ ದಾಳಿ ಆಗಿಲ್ಲ, ಆದರೂ ಸೈಬರ್ ವಿಮೆ ಯಾಕಿಷ್ಟು ದುಬಾರಿ?

ಪ್ರಶ್ನೆ: ನಮ್ಮದು 40 ಜನರ ಚಿಕ್ಕ ಕಂಪನಿ. ಸೈಬರ್ ವಿಮೆಗಾಗಿ ಎರಡು ಕಡೆ ವಿಚಾರಿಸಿದೆವು. ಒಬ್ಬರು ಹೇಳಿದ ಪ್ರೀಮಿಯಂ ಇನ್ನೊಬ್ಬರದಕ್ಕಿಂತ ದುಪ್ಪಟ್ಟು. ನಮ್ಮ ಮೇಲೆ ಇಲ್ಲಿಯವರೆಗೆ ಒಂದು ದಾಳಿಯೂ ಆಗಿಲ್ಲ. ಈ ಬೆಲೆಯನ್ನು ಹೇಗೆ ಲೆಕ್ಕ ಹಾಕುತ್ತಾರೆ? ಕಡಿಮೆ ಇರುವುದನ್ನೇ ತೆಗೆದುಕೊಳ್ಳಬಹುದಾ?

ಉತ್ತರ: ನೀವು ಕಟ್ಟುವ ಪ್ರೀಮಿಯಂನಲ್ಲಿ ಇರುವುದು ನಿಮ್ಮ ಅಪಾಯದ ಪಾಲು ಮಾತ್ರವಲ್ಲ. ಎಲ್ಲರಿಗೂ ಒಂದೇ ದಿನ ಏಟು ಬಿದ್ದರೆ ಏನು ಗತಿ ಎಂಬ ಭಯದ ಪಾಲೂ ಅದರಲ್ಲಿದೆ.

ಬೆಂಕಿ ವಿಮೆಯನ್ನೇ ನೋಡಿ. ಒಂದು ಊರಿನ ಗೋದಾಮು ಸುಟ್ಟರೆ ಇನ್ನೊಂದು ಊರಿನದು ಸುಡುವುದಿಲ್ಲ. ಸಾವಿರ ಜನರ ಹಣದಲ್ಲಿ ಹತ್ತು ಜನರ ನಷ್ಟ ತುಂಬಬಹುದು. ಸೈಬರ್‌ನಲ್ಲಿ ಹಾಗಲ್ಲ. ಎಲ್ಲರೂ ಬಳಸುವುದು ಅದೇ ನಾಲ್ಕಾರು ಸಾಫ್ಟ್‌ವೇರ್, ಅದೇ ಕ್ಲೌಡ್. 2017ರ ಜೂನ್‌ನಲ್ಲಿ ಉಕ್ರೇನಿನ ಒಂದು ಲೆಕ್ಕಪತ್ರ ಸಾಫ್ಟ್‌ವೇರಿನ ಅಪ್‌ಡೇಟ್ ಮೂಲಕ ಹೊರಬಿದ್ದ, ಕಂಪ್ಯೂಟರ್ ಕೆಡಿಸುವ ದುಷ್ಟ ಪ್ರೋಗ್ರಾಂ ನಾಟ್‌ಪೆಟ್ಯಾ, ಹಡಗು ಕಂಪನಿ ಮೇರ್ಸ್ಕ್‌ನಿಂದ ಔಷಧ ಕಂಪನಿ ಮರ್ಕ್‌ವರೆಗೆ ಸಿಕ್ಕಸಿಕ್ಕವರನ್ನೆಲ್ಲ ಕೆಡವಿತು. ದಾಳಿಯೇ ಆಗಬೇಕೆಂದೂ ಇಲ್ಲ. 2024ರ ಜುಲೈನಲ್ಲಿ ಕಂಪ್ಯೂಟರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನಿಂತುಹೋದವು. ಅಂಥ ದಿನಕ್ಕಾಗಿ ವಿಮಾ ಕಂಪನಿ ದೊಡ್ಡ ಮೊತ್ತ ತೆಗೆದಿಡಬೇಕು, ಮರುವಿಮೆಗೂ (ವಿಮಾ ಕಂಪನಿ ತಾನೇ ಮಾಡಿಸಿಕೊಳ್ಳುವ ವಿಮೆ) ಹಣ ಕೊಡಬೇಕು. ಅದೆಲ್ಲ ನಿಮ್ಮ ಪ್ರೀಮಿಯಂಗೆ ಸೇರುತ್ತದೆ.

ಹಳೆಯ ಲೆಕ್ಕ ನೋಡಿ ಮುಂದಿನದನ್ನು ಹೇಳುವುದೂ ಕಷ್ಟ. ಕಳ್ಳರು ದಾರಿ ಬದಲಿಸುತ್ತಲೇ ಇರುತ್ತಾರೆ. ರ‍್ಯಾನ್ಸಮ್‌ವೇರ್ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದಾಳಿ ಹೆಚ್ಚಾದಾಗ, 2021ರ ಹೊತ್ತಿಗೆ, ಪ್ರೀಮಿಯಂ ಜೋರಾಗಿ ಏರಿತು. 2023ರ ನಂತರ ಇಳಿಯತೊಡಗಿತು. ಹಾಗಾಗಿ ‘ನಮಗೇನೂ ಆಗಿಲ್ಲ’ ಎಂಬ ಮಾತಿಗೆ ಇಲ್ಲಿ ತೂಕ ಕಡಿಮೆ. ನಿಮ್ಮ ವಹಿವಾಟು, ನಿಮ್ಮ ಬಳಿ ಇರುವ ಗ್ರಾಹಕರ ಮಾಹಿತಿ, ಲಾಗಿನ್‌ಗೆ ಎರಡನೇ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಓಟಿಪಿಯಂಥದ್ದು) ಇದೆಯಾ, ಬ್ಯಾಕಪ್ ನೆಟ್‌ವರ್ಕ್‌ನಿಂದ ಬೇರೆ ಇದೆಯಾ, ಇವೇ ಜಾಸ್ತಿ ಲೆಕ್ಕಕ್ಕೆ ಬರುತ್ತವೆ.

ಅರ್ಜಿಯಲ್ಲಿ ದಯವಿಟ್ಟು ಸುಮ್ನೆ ‘ಹೌದು’ ಎಂದು ಬರೆಯಬೇಡಿ. ಎರಡನೇ ಪರಿಶೀಲನೆ ಎಲ್ಲೆಡೆ ಇದೆ ಎಂದು ಬರೆದು, ನಿಜದಲ್ಲಿ ಇರದಿದ್ದ ಒಂದು ಕಂಪನಿಯ ಮೇಲೆ ಅಮೆರಿಕದ ವಿಮಾ ಕಂಪನಿ ಟ್ರಾವೆಲರ್ಸ್ 2022ರಲ್ಲಿ ಕೋರ್ಟಿಗೆ ಹೋಯಿತು. ಕೊನೆಗೆ ಆ ಪಾಲಿಸಿಯೇ ರದ್ದಾಯಿತು.

ಇನ್ನು ಆ ದುಪ್ಪಟ್ಟಿನ ವಿಷಯ. ಎರಡೂ ಒಂದೇ ಸರಕು ಅಲ್ಲದಿರಬಹುದು. ಕೆಲಸ ನಿಂತ ಎಷ್ಟು ಗಂಟೆಯ ನಂತರ ನಷ್ಟ ಲೆಕ್ಕಕ್ಕೆ ಬರುತ್ತದೆ? ರ‍್ಯಾನ್ಸಮ್‌ವೇರ್‌ಗೆ ಮಾತ್ರ ಕಡಿಮೆ ಮಿತಿ ಇಟ್ಟಿದ್ದಾರಾ? ನಿಮ್ಮ ಕ್ಲೌಡ್ ಕಂಪನಿ ಬಿದ್ದರೆ ನಿಮಗೆ ಹಣ ಬರುತ್ತದಾ? ಯುದ್ಧಕ್ಕೆ ಸಂಬಂಧಿಸಿದ ಷರತ್ತನ್ನಂತೂ ಎರಡು ಸಲ ಓದಿ. ನಾಟ್‌ಪೆಟ್ಯಾ ‘ಯುದ್ಧ’ ಎಂಬ ವಿಮಾ ಕಂಪನಿಗಳ ವಾದದ ಮೇಲೆ ಮರ್ಕ್‌ನ ಸುಮಾರು 140 ಕೋಟಿ ಡಾಲರ್ ಕ್ಲೈಮ್ ವರ್ಷಗಟ್ಟಲೆ ಎಳೆದಾಡಿತು. 2023ರಲ್ಲಿ ಮೇಲ್ಮನವಿ ಕೋರ್ಟ್ ಮರ್ಕ್ ಪರ ನಿಂತಿತು. ಆದರೆ ಅದು ಯುದ್ಧದ ಷರತ್ತು ಹಳೆಯ ಮಾತಿನಲ್ಲೇ ಇದ್ದ ಆಸ್ತಿ ಪಾಲಿಸಿ, ಸೈಬರ್ ಪಾಲಿಸಿಯಲ್ಲ. ಸರ್ಕಾರಗಳ ಬೆಂಬಲದ ದಾಳಿಗಳನ್ನು ಹೊರಗಿಡುವ ಷರತ್ತನ್ನು ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆ ಅದೇ ವರ್ಷ ಸೈಬರ್ ಪಾಲಿಸಿಗಳಲ್ಲಿ ಕಡ್ಡಾಯ ಮಾಡಿತು.

ಈ ಪ್ರಶ್ನೆಗಳನ್ನು ಇಬ್ಬರಿಗೂ ಕಳಿಸಿ, ಉತ್ತರವನ್ನು ಬರಹದಲ್ಲೇ ಕೇಳಿ. ಉತ್ತರ ಒಂದೇ ಆಗಿದ್ದರೆ ಧಾರಾಳವಾಗಿ ಕಡಿಮೆ ಬೆಲೆಯದನ್ನೇ ತೆಗೆದುಕೊಳ್ಳಿ.